300 ರೂಪಾಯಿ ಒಳಗಿನ ಸ್ಟೀಮ್ ಮಷೀನು, ಕೊಡಗಿನ ಮಳೆಗಾಲದ ಶೀತಕ್ಕೆ ತಗೋಬಹುದಾ?

ಕುಶಾಲನಗರದಲ್ಲಿ ಒಂದು ಮೆಡಿಕಲ್ ಶಾಪಲ್ಲಿ 300 ರೂಪಾಯಿ ಒಳಗೇ ಸಿಕ್ತು, ಕರೆಂಟಿಗೆ ಹಾಕಿ ಹಬೆ ತಗೊಳ್ಳೋ ಪ್ಲಾಸ್ಟಿಕ್ ಮಷೀನು. ಮಡಿಕೇರಿ ಕಡೆ ಜೂನ್ ಬಂತು ಅಂದ್ರೆ ಬಟ್ಟೆ ಒಣಗಲ್ಲ, ಕಿಟಕಿ ಬಾಗಿಲು ಮುಚ್ಕೊಂಡು ಎಲ್ರೂ ಒಳಗೇ ಇರ್ತೀವಿ, ಒಬ್ರಿಗೆ ಶೀತ ಆದ್ರೆ ವಾರದೊಳಗೆ ಮನೆಯವ್ರಿಗೆಲ್ಲಾ ಆಯ್ತು ಅಂತಾನೇ ಲೆಕ್ಕ. ಮಳೆಗಾಲ ಪೂರ್ತಿ ಬಳಸಿ ನೋಡಿ ಬರೀತಾ ಇದೀನಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಕಟ್ಟಿದ ಮೂಗು ಸ್ವಲ್ಪ ಹೊತ್ತು ಬಿಡುತ್ತೆ, ರಾತ್ರಿ ಮಲಗೋ ಮುಂಚೆ ತಗೊಂಡ್ರೆ ನಿದ್ದೆ ಹತ್ತುತ್ತೆ. ಅಷ್ಟೇ, ಅದಕ್ಕಿಂತ ಜಾಸ್ತಿ ಏನೂ ನಿರೀಕ್ಷೆ ಮಾಡ್ಬೇಡಿ.

ಯಾಕಂದ್ರೆ ಶೀತ ತರೋ ವೈರಸ್‌ಗಳು 200ಕ್ಕೂ ಮೇಲಿದಾವೆ, ರೈನೋವೈರಸ್ ಅನ್ನೋದೇ ಅದ್ರಲ್ಲಿ ಜಾಸ್ತಿ, ಹಬೆಗೆ ಅದು ಹೋಗಲ್ಲ. ಗಂಟಲು ಕೆರೆತದಿಂದ ಶುರುವಾಗಿ, ಸೀನು, ಮೂಗು ಸೋರೋದು, ಎರಡು ಮೂರನೇ ದಿನ ಜೋರು, 7ರಿಂದ 10 ದಿನದಲ್ಲಿ ತಾನಾಗೇ ಇಳಿಯುತ್ತೆ, ಕೆಮ್ಮು ಮಾತ್ರ ಇನ್ನೂ ಸ್ವಲ್ಪ ದಿನ ಎಳೀಬಹುದು. ಸಿಂಬಳ ಹಳದಿ ಹಸಿರು ಆದ ತಕ್ಷಣ ಆಂಟಿಬಯೋಟಿಕ್ ಕೇಳೋರು ನಮ್ಮ ಕಡೆ ತುಂಬಾ ಜನ, ದಯವಿಟ್ಟು ಬೇಡ, ಬಣ್ಣ ಬದಲಾಗೋದು ಶೀತದಲ್ಲಿ ಮಾಮೂಲಿ, ಆಂಟಿಬಯೋಟಿಕ್‌ಗೆ ವೈರಸ್ ಜಗ್ಗಲ್ಲ.

ಈಗ ಮಷೀನಿನ ವಿಷ್ಯ. ಈ ಕಮ್ಮಿ ರೇಟಿನವುಗಳಲ್ಲಿ ಕಾಯಿಲ್ ಇರಲ್ಲ, ಎರಡು ಲೋಹದ ಪಟ್ಟಿ ನೀರಲ್ಲಿ ಮುಳುಗಿರ್ತವೆ, ಕರೆಂಟು ನೀರೊಳಗೇ ಹರಿದು ನೀರು ಕಾಯುತ್ತೆ. ನಮ್ಮ ಮನೇದು ಗುಡ್ಡದ ಒರತೆ ನೀರು, ಉಪ್ಪಿನಂಶ ಕಮ್ಮಿ, ಅದ್ರಲ್ಲಿ ಕರೆಂಟು ಸರಿಯಾಗಿ ಹರಿಯಲ್ಲ, ಸ್ವಿಚ್ ಹಾಕಿ ಎಷ್ಟು ಹೊತ್ತು ಕಾದ್ರೂ ಹಬೆ ಬರೋದು ಅಷ್ಟಕ್ಕಷ್ಟೇ. ಒಂದೇ ಒಂದು ಚಿಟಿಕೆ ಉಪ್ಪು ಹಾಕಿ ನೋಡಿ, ಬುಸುಬುಸು ಅಂತ ಬರುತ್ತೆ. ಆರ್‌ಓ ನೀರು ಹಾಕೋರಿಗೂ ಇದೇ ಕಥೆ. ಹಂಗಂತ ಉಪ್ಪು ಜಾಸ್ತಿ ಹಾಕಿದ್ರೆ ಕುದಿಯೋ ನೀರೇ ಮೂತಿಯಿಂದ ಎಗರುತ್ತೆ, ಮುಖಕ್ಕೆ ಅಪಾಯ. ಇನ್ನೊಂದು ಮುಖ್ಯ, ಪ್ಲಗ್ ಕೀಳದೆ ಮುಚ್ಚಳ ತೆಗೀಬೇಡಿ, ನೀರು ಮುಟ್ಟಬೇಡಿ, ಆ ನೀರಲ್ಲೇ ಕರೆಂಟ್ ಇರುತ್ತೆ. ನೀರು ಮುಗಿದ್ರೆ ತಾನೇ ನಿಲ್ಲುತ್ತೆ, ಅದೊಂದು ಒಳ್ಳೇದು. ವಿಕ್ಸು, ನೀಲಗಿರಿ ಎಣ್ಣೆ ಟ್ಯಾಂಕಿಗೆ ಹಾಕ್ಬೇಡಿ, ನೀರು, ಬೇಕಾದ್ರೆ ಆ ಚಿಟಿಕೆ ಉಪ್ಪು, ಅಷ್ಟೇ ಸಾಕು.

ದೊಡ್ಡ ಕಂಪ್ಲೇಂಟ್ ಅಂದ್ರೆ ಕರೆಂಟು. ಗಾಳಿಗೆ ಮರ ಬಿದ್ದು ಲೈನ್ ಹೋಯ್ತು ಅಂದ್ರೆ ಈ ಮಷೀನು ಶೋಕೇಸಲ್ಲಿ ಇಡೋಕೇ ಸೈ, ಸರಿಯಾಗಿ ಶೀತ ಹಿಡಿಯೋದೂ ಅದೇ ದಿನಗಳಲ್ಲೇ. ಆಗ ಒಲೆ ಮೇಲೆ ನೀರು ಕಾಯಿಸಿ ಬೆಡ್‌ಶೀಟ್ ಹೊದ್ಕೊಂಡು ತಗೊಳ್ಳೋದು ಇದ್ದೇ ಇದೆ, ದೊಡ್ಡವ್ರು ಮಾತ್ರ, ಪಾತ್ರೆ ನೆಲದ ಮೇಲೆ ಗಟ್ಟಿಯಾಗಿ ಕೂತಿರ್ಬೇಕು. ಮಕ್ಕಳನ್ನ ಬಿಸಿ ನೀರಿನ ಪಾತ್ರೆ ಮುಂದೆ ಕೂರಿಸೋದು ನಂಗೆ ಒಂಚೂರೂ ಇಷ್ಟ ಇಲ್ಲ, ಕೈ ತಾಗಿ ಮೈ ಮೇಲೆ ಚೆಲ್ಲಿದ್ರೆ ಶೀತಕ್ಕಿಂತ ಎಷ್ಟೋ ದೊಡ್ಡ ಸಂಕಟ. ಮಗಳಿಗೆ ಮಷೀನಿನ ಹಬೇನೂ ಕೊಡಲ್ಲ, ಮೂಗಿಗೆ ಸಲೈನ್ (ಉಪ್ಪುನೀರಿನ) ಡ್ರಾಪ್ಸ್ ಬಿಟ್ಟು, ಕುಡಿಯೋಕೆ ಬೆಚ್ಚಗಿಂದು ಏನಾದ್ರೂ ಕೊಡೋದು, ರಾತ್ರಿ ಕೆಮ್ಮಿದ್ರೆ ಒಂದು ಚಮಚ ಜೇನು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರ್ದು, ಬೊಟುಲಿಸಂ ಅನ್ನೋ ಜೀವಕ್ಕೇ ಕುತ್ತು ತರೋ ವಿಷಬಾಧೆಯ ಅಪಾಯ ಇದೆ. ಅಂಗಡೀಲಿ ಕೇಳಿ ಶೀತದ ಸಿರಪ್ ತರೋರು ಇದನ್ನೂ ನೋಡಿ, ಕ್ಲೋರ್‌ಫೆನಿರಮೈನ್ ಮತ್ತೆ ಫೆನೈಲೆಫ್ರಿನ್ ಅನ್ನೋ ಎರಡು ಔಷಧಿ ಒಟ್ಟಿಗೆ ಸೇರಿರೋ ಸಿರಪ್‌ನ 4 ವರ್ಷದೊಳಗಿನವ್ರಿಗೆ ಕೊಡಬಾರ್ದು ಅಂತ 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದಾರೆ. ನಮ್ಮತ್ತೆ ಮಾಡೋ ಶುಂಠಿ ಒಳ್ಳೆಮೆಣಸು ಹಾಕಿದ ಬೆಲ್ಲದ ಕರಿಕಾಫಿ ದೊಡ್ಡವ್ರ ಗಂಟಲಿಗೆ ಯಾವ ಮಷೀನಿಗಿಂತಾನೂ ಹಿತ, ಇದನ್ನ ನಾನು ಮನಸಾರೆ ಹೇಳ್ತೀನಿ. ಮೂಗು ಬಿಡಿಸೋ ಆಕ್ಸಿಮೆಟಾಜೊಲಿನ್ ಥರದ ಡ್ರಾಪ್ಸ್ ಇದಾವಲ್ಲ, ಅವನ್ನ ದಿನಗಟ್ಟಲೆ ಹಾಕ್ತಾ ಹೋದ್ರೆ ಮೂಗು ಇನ್ನೂ ಜಾಸ್ತಿ ಕಟ್ಟೋಕೆ ಶುರುವಾಗುತ್ತೆ, ಎರಡು ಮೂರು ದಿನಕ್ಕೆ ನಿಲ್ಸಿ.

ಎಲ್ಲಾನೂ ಶೀತ ಅಂದ್ಕೊಂಡು ಹಬೆ ತಗೊಳ್ತಾ ಕೂರ್ಬೇಡಿ. ಪ್ರತಿ ವರ್ಷ ಕಾಫಿ ಹೂ ಬಿಡೋ ಟೈಮಿಗೆ ಸೀನು, ಕಣ್ಣು ಕೆರೆತ, ಜ್ವರ ಇಲ್ಲ ಅಂದ್ರೆ ಅಲರ್ಜಿ ಇರಬಹುದು. ಇದ್ದಕ್ಕಿದ್ದಂಗೆ ಜೋರು ಜ್ವರ, ಮೈಕೈ ನೋವು ಬಂದ್ರೆ ಫ್ಲೂ ಇರಬಹುದು, ಮಳೆಗಾಲದಲ್ಲಿ ಡೆಂಗಿ, ಇಲಿಜ್ವರಾನೂ ಇರಬಹುದು, ಪರೀಕ್ಷೆ ಮಾಡಿಸ್ದೆ ಐಬುಪ್ರೊಫೆನ್, ಆಸ್ಪಿರಿನ್ ನುಂಗಬೇಡಿ, ಡೆಂಗಿ ಆಗಿದ್ರೆ ರಕ್ತಸ್ರಾವದ ಭಯ. ಉಸಿರಾಡೋಕೆ ಕಷ್ಟ, ಎದೆ ನೋವು, ಮೂರು ದಿನ ದಾಟಿದ ಜ್ವರ, ಕಮ್ಮಿಯಾಗಿ ಮತ್ತೆ ಜೋರಾಗೋದು, ಮಗು ಹಾಲು ಕುಡೀದೆ ಇರೋದು, ಇದ್ರಲ್ಲಿ ಒಂದು ಕಂಡ್ರೂ ಡಾಕ್ಟರ್ ಹತ್ರ ಹೋಗಿ. 3 ತಿಂಗಳೊಳಗಿನ ಕೂಸಿಗೆ ಜ್ವರ ಬಂದ್ರಂತೂ ಕಾಯಲೇಬೇಡಿ.

ತಗೊಳ್ಳೋದಾದ್ರೆ ಮುಚ್ಚಳ ತಿರುಗಿಸಿ ಬಿಗಿಯಾಗೋದನ್ನೇ ತಗೊಳ್ಳಿ, ಸುಮ್ನೆ ಒತ್ತಿ ಕೂರಿಸೋದು ಬೇಡ. ವೈರು ಮಂಚದ ತನಕ ಬರುತ್ತಾ ಅಂಗಡೀಲೇ ಬಿಚ್ಚಿ ನೋಡಿ, ನಮ್ಮದು ಗಿಡ್ಡ, ಸ್ವಿಚ್‌ಬೋರ್ಡ್ ಪಕ್ಕ ಕುರ್ಚಿ ಹಾಕ್ಕೊಂಡೇ ಕೂರ್ಬೇಕು. ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ.