ಆಸ್ಪತ್ರೆ ಹಿಂದಿನ ಗಂಜಿ ಹೋಟ್ಲು: 11 ದಿನದ ಊಟ

ಶಿವಮೊಗ್ಗದಲ್ಲಿ ಆಸ್ಪತ್ರೆ ಹಿಂದಿನ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲ್ ಇದೆ. ಬೋರ್ಡಿನ ಮೇಲಿನ ಸಾಲು ಮಳೆಗೆ ಅಳಿಸಿಹೋಗಿದೆ. ‘ಹೋಟೆಲ್’ ಅನ್ನೋ ಮೂರಕ್ಷರ ಮಾತ್ರ ಕೆಂಪಗೆ ಉಳಿದಿದೆ. ಆಟೋದವರಿಗೆ ‘ಗಂಜಿ ಹೋಟ್ಲು’ ಅಂದರೆ ಸಾಕು, ಕರೆದುಕೊಂಡು ಹೋಗುತ್ತಾರೆ.

ಜುಲೈಯಲ್ಲಿ ನಮ್ಮ ಅತ್ತೆ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ತೀರ್ಥಹಳ್ಳಿಯಿಂದ 60 ಕಿಲೋಮೀಟರ್, ಸುರಿಯೋ ಮಳೆ, ಮಂಡಗದ್ದೆ ದಾಟುವಷ್ಟರಲ್ಲಿ ಕತ್ತಲಾಗಿತ್ತು. ಅವರನ್ನು ವಾರ್ಡಿಗೆ ಸೇರಿಸಿ ನಾನು ಈ ಹೋಟೆಲಿಗೆ ಬಂದಾಗ ರಾತ್ರಿ ಒಂಬತ್ತು ಹೊಡೆಯೋದಕ್ಕೆ ಸ್ವಲ್ಪ ಇತ್ತು. ಸೀರೆ ಅಂಚೆಲ್ಲ ನೆನೆದಿತ್ತು. ಯಜಮಾನರು ಏನು ಬೇಕು ಅಂತ ಕೇಳಲಿಲ್ಲ. “ಯಾವ ವಾರ್ಡು, ಅಕ್ಕಾ?” ಅಂದರು. ಅವರ ಹೆಂಡತಿ ಒಳಗಿಂದ ಒಂದು ಚೂರು ಬೆಲ್ಲ, ಒಂದು ಲೋಟ ಬಿಸಿನೀರು ತಂದಿಟ್ಟರು. “ಮೊದಲು ಆಸರಿಗೆ ಕುಡೀರಿ. ಆಮೇಲೆ ಊಟ.” ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ಕೊಡೋದು ಇದನ್ನೇ. ಹೋಟೆಲಿನಲ್ಲಿ ಕೊಟ್ಟಿದ್ದನ್ನು ನಾನು ಕಂಡಿದ್ದು ಅವತ್ತೇ.

ಊಟಕ್ಕೆ 70 ರೂಪಾಯಿ. ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ, ಜೊತೆಗೆ ದಿನಕ್ಕೊಂದು ತಂಬುಳಿ. ಒಂದೆಲಗದ ತಂಬುಳಿ ಮಾಡಿದ ದಿನ ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ. ಅಪ್ಪೆಮಿಡಿ ಒಂದೇ ಒಂದು ಹಾಕುತ್ತಾರೆ, ಆದರೆ ಸೊನೆ ವಾಸನೆ ಬರೋ ನಿಜವಾದ ಮಿಡಿ.

ನಾನು ಇಷ್ಟು ಬರೆಯೋದಕ್ಕೆ ಕೂತಿದ್ದು ಮಾತ್ರ ಗಂಜಿಗೋಸ್ಕರ. ಕುಚ್ಚಲಕ್ಕಿ ಗಂಜಿ, 30 ರೂಪಾಯಿ. ಡಬ್ಬಕ್ಕೆ ಹಾಕೋ ಮುಂಚೆ ಯಜಮಾನರು ಒಂದು ಅಗುಳು ತೆಗೆದು ಎರಡು ಬೆರಳಲ್ಲಿ ಹಿಸುಕಿ ನೋಡುತ್ತಾರೆ. ನಡುವೆ ಗಟ್ಟಿ ಸಿಕ್ಕಿದರೆ ಪಾತ್ರೆ ಮತ್ತೆ ಒಲೆ ಮೇಲೆ. “ಪೇಷಂಟಿಗೆ ಸಕ್ಕರೆ ಕಾಯಿಲೆ ಇದೆಯಾ? ಬಿಪಿ?” ಅಂತ ಕೇಳಿಯೇ ಕೊಡೋದು. ಉಪ್ಪು ಬೆರೆಸೋದಿಲ್ಲ, ಬಾಳೆಲೆ ಚೂರಿನಲ್ಲಿ ಬೇರೆ ಕಟ್ಟಿಕೊಡುತ್ತಾರೆ. ಮೂರು ದಿನ ಬಾಯಿಗೆ ಏನೂ ಬೇಡ ಅಂದಿದ್ದ ಅತ್ತೆ ನಾಲ್ಕನೇ ದಿನ ಈ ಗಂಜಿ ಕುಡಿದು, “ಮನೇದಾ?” ಅಂತ ಕೇಳಿದರು.

ನಾನು 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ದಿನಾ ಆ ಕೆಂಪಕ್ಷರದ ಎದುರು ಕೂತು ಉಣ್ಣುವಾಗ ಒಬ್ಬ ಹುಡುಗನ ನೆನಪಾಗುತ್ತಿತ್ತು. ಎಂಟನೇ ಕ್ಲಾಸು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ತನ್ನ ಬಗ್ಗೆ ಬರೆಯುವಾಗ ‘ನಾನು ಹೋಟೆಲಿನಲ್ಲಿ ಇರುತ್ತೇನೆ’ ಅಂತ ಬರೆದಿದ್ದ. ಎಸ್ ಅಕ್ಷರ ಬಿಟ್ಟಿದೆ ಅಂತ ನಾನು ಕೆಂಪು ಗೆರೆ ಎಳೆದು ಒಂದು ಅಂಕ ಕಳೆದೆ. ಅವನು ಬಂದು ಕೇಳಿದ, “ಮಿಸ್, ಅಲ್ಲೂ ಊಟ ಹಾಕ್ತಾರೆ, ಇಲ್ಲೂ ಊಟ ಹಾಕ್ತಾರೆ. ಒಂದೇ ಪದ ಅಲ್ವಾ?” ಅಲ್ಲ ಅಂತ ಹೇಳಿ ಕಳಿಸಿದೆ. ಸಂಜೆ ಡಿಕ್ಷನರಿ ತೆಗೆದು ನೋಡಿದರೆ ಹುಡುಗ ಹೇಳಿದ್ದೇ ಸರಿ.

ಎರಡೂ ಹಳೇ ಫ್ರೆಂಚಿನ ಒಂದೇ ಪದದಿಂದ ಬಂದವು. ಆ ಪದದಲ್ಲಿ ಎಸ್ ಇತ್ತು. ಹೋಗ್ತಾ ಹೋಗ್ತಾ ಫ್ರೆಂಚರ ಬಾಯಲ್ಲಿ ಅದು ಕರಗಿಹೋಯಿತು. ಕರಗಿದ ಗುರುತಿಗೆ ಅವರು ಓ ಅಕ್ಷರದ ತಲೆ ಮೇಲೆ ಒಂದು ಪುಟ್ಟ ಗುರುತು ಹಾಕುತ್ತಾರೆ, ನಮ್ಮ ಹಾಳೆ ಟೊಪ್ಪಿ ಇಟ್ಟ ಹಾಗೆ. ಫಾರೆಸ್ಟ್ ಅನ್ನೋ ಪದಕ್ಕೂ ಅವರಲ್ಲಿ ಎಸ್ ಹೋಗಿ ಟೊಪ್ಪಿ ಬಂದಿದೆ. ಎಸ್ ಇರೋ ಹಾಸ್ಟೆಲ್ ಇಂಗ್ಲಿಷಿಗೆ ಮೊದಲು ಬಂತು, ಎಸ್ ಕಳೆದುಕೊಂಡ ಹೋಟೆಲ್ 17ನೇ ಶತಮಾನದಲ್ಲಿ ಬಂತು. ಆಗ ಅದರ ಅರ್ಥ ಶ್ರೀಮಂತರ ದೊಡ್ಡ ಮನೆ. ಪ್ಯಾರಿಸ್ಸಿನ ನಗರಸಭೆಯ ಕಟ್ಟಡಕ್ಕೆ ಇವತ್ತಿಗೂ ಇದೇ ಪದ. ದುಡ್ಡು ಕೊಟ್ಟು ತಂಗೋ ಜಾಗ ಅನ್ನೋ ಅರ್ಥ ಬಂದಿದ್ದು 18ನೇ ಶತಮಾನದಲ್ಲಿ.

ಆಸ್ಪತ್ರೆಯೂ ಇದೇ ಮನೆತನದ್ದು! ಹಾಸ್ಪಿಟಲ್ ಅನ್ನೋದು ನಮ್ಮ ಬಾಯಲ್ಲಿ ಆಸ್ಪತ್ರೆ ಆಗಿದೆ. ಅದರ ಮೊದಲ ಅರ್ಥ ರೋಗಿಗಳ ಜಾಗ ಅಲ್ಲ, ಯಾತ್ರಿಕರಿಗೆ, ದಾರಿಹೋಕರಿಗೆ, ಗತಿಯಿಲ್ಲದವರಿಗೆ ಜಾಗ ಕೊಡೋ ಮನೆ. ಕಾಯಿಲೆಯವರಿಗೆ ಮಾತ್ರ ಅಂತ ಆಗಿದ್ದು ಆಮೇಲೆ. ಪ್ಯಾರಿಸ್ಸಿನ ಬಹಳ ಹಳೇ ಆಸ್ಪತ್ರೆಯ ಹೆಸರು ‘ಓತೆಲ್ ದ್ಯೂ’, ಅಂದರೆ ದೇವರ ಹೋಟೆಲ್. ಎಲ್ಲಕ್ಕೂ ಬೇರು ಲ್ಯಾಟಿನ್ನಿನ ‘ಹಾಸ್ಪೆಸ್’. ಮನೆಗೆ ಬಂದವರಿಗೂ ಆ ಪದವೇ, ಬರಮಾಡಿಕೊಂಡವರಿಗೂ ಆ ಪದವೇ. ನಮ್ಮಲ್ಲಿ ‘ನೆಂಟರು’ ಅನ್ನೋದಿಲ್ವಾ, ಹಾಗೆ. ನಾವು ನಿಮಗೆ ನೆಂಟರು, ನೀವೂ ನಮಗೆ ನೆಂಟರು.

ಕನ್ನಡಕ್ಕೆ ಬಂದ ಮೇಲೆ ಹೋಟೆಲ್ ಊಟ ಇಟ್ಟುಕೊಂಡು ಹಾಸಿಗೆ ಬಿಟ್ಟಿತು. ಮಲಗೋದಕ್ಕೆ ನಮಗೆ ಲಾಡ್ಜ್ ಬೇಕು. ಆದರೆ ಏಳನೇ ದಿನ ರಾತ್ರಿ ಮಳೆ ಜೋರಾಗಿ ಹಿಡಿಯಿತು. ಊರಿಂದ ಬಂದಿದ್ದ ನಮ್ಮ ಮನೆಯವರಿಗೆ ವಾಪಸ್ ಬಸ್ಸಿಲ್ಲ, ವಾರ್ಡಿನಲ್ಲಿ ಒಬ್ಬರಿಗಷ್ಟೇ ಜಾಗ. ಯಜಮಾನರು ಬೆಂಚು ಎರಡೆರಡು ಜೋಡಿಸಿ ಜಮಖಾನ ಹಾಸಿದರು. ಸೊರಬದ ಕಡೆಯ ಅಪ್ಪ ಮಗನೂ ಅಲ್ಲೇ ಮಲಗಿದರು. ಬೆಳಿಗ್ಗೆ ದುಡ್ಡು ಕೊಡಹೋದರೆ, “ತಿಂದಿದ್ದಕ್ಕೆ ಕೊಡಿ ಸಾರ್, ಮಲಗಿದ್ದಕ್ಕೆಲ್ಲ ತಗೊಳ್ಳೋಕಾಗುತ್ತಾ?” ಅಂದರಂತೆ. ಅಷ್ಟು ಹೊತ್ತಿಗೆ ಆ ಬೋರ್ಡಿನ ಪದ ತನ್ನ ಹಳೇ ಅರ್ಥಕ್ಕೆಲ್ಲ ಬಂದು ಸೇರಿತ್ತು. ನನಗೆ ಆ ಹುಡುಗನ ಒಂದು ಅಂಕ ವಾಪಸ್ ಕೊಡಬೇಕು ಅನ್ನಿಸಿತು.

ಕೊರತೆಯೂ ಇದೆ. ಕಾಫಿಗೆ ಸಕ್ಕರೆ ಜಾಸ್ತಿ, ದಿನಾ ಹೇಳಬೇಕು. ಸಂಜೆಯ ಬನ್ಸ್ ಎಣ್ಣೆ ಕುಡಿದಿರುತ್ತೆ. ಬಾಗಿಲಲ್ಲಿ ಮೂರು ಎತ್ತರದ ಮೆಟ್ಟಿಲು, ಹಿಡಿದುಕೊಳ್ಳೋದಕ್ಕೆ ಕಂಬಿ ಇಲ್ಲ. ಆಸ್ಪತ್ರೆ ಪಕ್ಕದ ಹೋಟೆಲಿಗೆ ಬರೋರು ಕೋಲು ಊರಿಕೊಂಡು ಬರುತ್ತಾರೆ, ಪ್ಲಾಸ್ಟರ್ ಹಾಕಿಸಿಕೊಂಡು ಬರುತ್ತಾರೆ. ಇದನ್ನು ಯಜಮಾನರಿಗೆ ನಾನೇ ಹೇಳಿದೆ. ಮಳೆಗಾಲ ಮುಗಿಯಲಿ, ಕಂಬಿ ಹಾಕಿಸುತ್ತೇನೆ ಅಂದಿದ್ದಾರೆ.

ಬೆಳಿಗ್ಗೆ ಆರೂವರೆಗೆ ತೆಗೆಯುತ್ತಾರೆ, ರಾತ್ರಿ ಒಂಬತ್ತಕ್ಕೆ ಒಲೆ ಆರುತ್ತೆ. ಭಾನುವಾರ ಸಂಜೆ ರಜೆ. ಮಧ್ಯಾಹ್ನಕ್ಕೆ ಗಂಜಿ ಬೇಕಿದ್ದರೆ ತಿಂಡಿ ಹೊತ್ತಿಗೇ ಹೇಳಿಬಿಡಿ. ಮುಚ್ಚಳ ಬಿಗಿಯಾಗಿರೋ ಸ್ಟೀಲ್ ಡಬ್ಬ ಮನೆಯಿಂದಲೇ ತನ್ನಿ.