ಮಹಡಿಯಿಂದ ಬಾಹ್ಯಾಕಾಶ ನಿಲ್ದಾಣ: ನಾಸಾದ ‘ಸ್ಪಾಟ್ ದಿ ಸ್ಟೇಷನ್’ ಎಷ್ಟು ಕೆಲಸಕ್ಕೆ ಬರುತ್ತದೆ?

“ಇವತ್ತು ರಾತ್ರಿ 11 ಗಂಟೆಗೆ ಬೆಂಗಳೂರಿನ ನೆತ್ತಿಯ ಮೇಲೆ ಬಾಹ್ಯಾಕಾಶ ನಿಲ್ದಾಣ, ಮಕ್ಕಳಿಗೆ ತೋರಿಸಿ” ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಗಗನಯಾತ್ರಿಗಳು ಇದ್ದು ಕೆಲಸ ಮಾಡುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಆ ಹೊತ್ತಿಗೆ ಮೇಲೆ ಹಾದುಹೋಗುವುದು ನಿಜವೇ ಇರಬಹುದು, ಆದರೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ದೀಪ ಹಾಕಿಕೊಂಡು ಹೊಳೆಯುವ ಏರ್ಪಾಡಿಲ್ಲ. ಅದರ ಸೌರಫಲಕಗಳ ಮೇಲೆ ಬಿಸಿಲು ಬಿದ್ದು ನಮ್ಮ ಕಡೆಗೆ ತಿರುಗಿದರೆ ಮಾತ್ರ ಅದು ನಮಗೆ ಚುಕ್ಕಿಯಾಗಿ ಕಾಣುತ್ತದೆ. 400 ಕಿ.ಮೀ.ಗಿಂತ ತುಸು ಎತ್ತರದಲ್ಲಿ ಇರುವುದರಿಂದ ನಮಗೆ ಕತ್ತಲಾದ ಮೇಲೂ ಅಲ್ಲಿ ಸ್ವಲ್ಪ ಹೊತ್ತು ಬಿಸಿಲಿರುತ್ತದೆ. ಕರ್ನಾಟಕದ ಅಕ್ಷಾಂಶದಲ್ಲಿ ಆ ‘ಸ್ವಲ್ಪ ಹೊತ್ತು’ ಅಂದರೆ ಸೂರ್ಯ ಮುಳುಗಿದ ಮೇಲೆ ಹೆಚ್ಚುಕಡಿಮೆ ಒಂದೂವರೆ ಗಂಟೆ, ಬೆಳಗ್ಗೆ ಸೂರ್ಯ ಹುಟ್ಟುವ ಮುಂಚೆ ಅಷ್ಟೇ. ಅದು ಬಿಟ್ಟರೆ ನಡುರಾತ್ರಿ ನಿಲ್ದಾಣವೂ ಭೂಮಿಯ ನೆರಳಿನಲ್ಲೇ ಇರುತ್ತದೆ. ಲಂಡನ್ನಿನಲ್ಲಿರುವ ನಿಮ್ಮ ಮಗಳೋ ತಂಗಿಯೋ “ಜೂನ್‌ನಲ್ಲಿ ರಾತ್ರಿ 12ಕ್ಕೆ ನೋಡಿದೆ, ಒಂದೇ ರಾತ್ರಿ ಮೂರು ಸಲ ಬಂತು” ಎಂದರೆ ಅದೂ ನಿಜ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಅಷ್ಟು ಆಳಕ್ಕೆ ಇಳಿಯುವುದೇ ಇಲ್ಲ. ಆ ವೇಳೆ ಅವರಿಗೆ ಸರಿ, ನಮಗಲ್ಲ. ಹಾಗಾಗಿ ವೇಳಾಪಟ್ಟಿ ನಾವಿರುವ ಊರಿನದ್ದೇ ಆಗಬೇಕು.

ಆ ವೇಳಾಪಟ್ಟಿಯನ್ನು ಪುಕ್ಕಟೆಯಾಗಿ ಕೊಡುವುದು ನಾಸಾದ ‘ಸ್ಪಾಟ್ ದಿ ಸ್ಟೇಷನ್’. 2012ರ ನವೆಂಬರ್‌ನಲ್ಲಿ ಇಮೇಲ್ ಮತ್ತು ಎಸ್ಎಂಎಸ್ ಕಳಿಸುವ ಸೇವೆಯಾಗಿ ಶುರುವಾಯಿತು. 2023ರ ನವೆಂಬರ್‌ನಲ್ಲಿ ಆಂಡ್ರಾಯ್ಡ್ ಮತ್ತು ಐಫೋನ್ ಆಪ್ ಬಂತು. 2025ರಲ್ಲಿ ಇಮೇಲ್, ಎಸ್ಎಂಎಸ್ ಎರಡನ್ನೂ ನಿಲ್ಲಿಸಿ ಎಲ್ಲವನ್ನೂ ಆಪ್‌ಗೆ ವರ್ಗಾಯಿಸಿದರು. ಹಳೆಯ ಇಮೇಲ್ ನಂಬಿಕೊಂಡು “ಈಚೆಗೆ ಬರ್ತಾನೇ ಇಲ್ಲ” ಎನ್ನುವವರಿಗೆ ಇದೇ ಉತ್ತರ.

ಆಪ್‌ನ ಲೆಕ್ಕ ಕರಾರುವಾಕ್ಕು. ನಿಮಿಷಕ್ಕೆ ಸರಿಯಾಗಿ, ಹೇಳಿದ ಮೂಲೆಯಿಂದಲೇ ನಿಲ್ದಾಣ ಬರುತ್ತದೆ. ನೋಡಲು ಹೋಗಿ ಬರಿಗೈಯಲ್ಲಿ ಮಹಡಿ ಇಳಿಯುವವರಲ್ಲಿ ಹೆಚ್ಚಿನವರು ಎಡವುವುದು ಆಪ್ ಕೊಡುವ ವೇಳಾಪಟ್ಟಿಯ ಸಾಲನ್ನು ಓದುವುದರಲ್ಲಿ. ಉದಾಹರಣೆಗೆ ಇಂಥದ್ದೊಂದು ಸಾಲು ತೆಗೆದುಕೊಳ್ಳಿ: ಸಂಜೆ 7:12, ಕಾಣುವ ಅವಧಿ 4 ನಿಮಿಷ, ಗರಿಷ್ಠ ಎತ್ತರ 71 ಡಿಗ್ರಿ, ಕಾಣಿಸಿಕೊಳ್ಳುವುದು ನೈಋತ್ಯದಲ್ಲಿ 10 ಡಿಗ್ರಿ ಮೇಲೆ, ಮರೆಯಾಗುವುದು ಈಶಾನ್ಯದಲ್ಲಿ 32 ಡಿಗ್ರಿ ಮೇಲೆ.

ಮೊದಲು ಡಿಗ್ರಿ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಹತ್ತಿರಹತ್ತಿರ 10 ಡಿಗ್ರಿ. ಮಕ್ಕಳಿಗೂ ಇದೇ ಅಳತೆ ನಡೆಯುತ್ತದೆ, ಏಕೆಂದರೆ ಅವರ ಮುಷ್ಟಿ ಚಿಕ್ಕದಾದಂತೆ ತೋಳೂ ಗಿಡ್ಡ. ದಿಗಂತದಿಂದ ಒಂದು ಮುಷ್ಟಿ ಮೇಲೆ 10 ಡಿಗ್ರಿ, ನೆತ್ತಿ 90. ಗರಿಷ್ಠ ಎತ್ತರ 71 ಅಂದರೆ ತಲೆಯನ್ನು ಚೆನ್ನಾಗಿ ಹಿಂದಕ್ಕೆ ಬಾಗಿಸಿಯೇ ನೋಡಬೇಕು. ಅಂಥ ದಿನ ಬಿಡಲೇಬಾರದು. 40ಕ್ಕಿಂತ ಕಡಿಮೆ ಇದ್ದರೆ ಊರಿನ ನಡುವೆ ಇರುವವರು ಸುಮ್ಮನೆ ಬಿಟ್ಟುಬಿಡಿ. ನಾಸಾದ ಹಳೆಯ ಇಮೇಲ್ ಸೇವೆಯೂ 40 ಡಿಗ್ರಿ ದಾಟುವ ದಿನಗಳಿಗೆ ಮಾತ್ರ ಎಚ್ಚರಿಕೆ ಕಳಿಸುತ್ತಿತ್ತು. ಎದುರುಗಡೆ ನಾಲ್ಕು ಮಹಡಿಯ ಕಟ್ಟಡವೋ ದೊಡ್ಡ ಹೊಂಗೆ ಮರವೋ ಇದ್ದರೆ ಮೊದಲ 20–30 ಡಿಗ್ರಿ ಅದರ ಹಿಂದೆಯೇ ಕಳೆದುಹೋಗುತ್ತದೆ.

ಇನ್ನು ದಿಕ್ಕು. ಆಪ್‌ನಲ್ಲಿ ಎಸ್‌ಡಬ್ಲ್ಯು (ನೈಋತ್ಯ), ಎನ್‌ಎನ್‌ಇ (ಉತ್ತರಕ್ಕೂ ಈಶಾನ್ಯಕ್ಕೂ ನಡುವೆ) ಎಂಬ ಇಂಗ್ಲಿಷ್ ಗುರುತುಗಳಿರುತ್ತವೆ. ಆದರೆ ನಮ್ಮಲ್ಲಿ ಮನೆ ಕಟ್ಟಿದವರಿಗೆಲ್ಲ ದೇವರಮನೆ ಈಶಾನ್ಯಕ್ಕೆ, ಅಡುಗೆಮನೆ ಆಗ್ನೇಯಕ್ಕೆ ಎಂಬುದು ಬಾಯಿಪಾಠ. ವಾಸ್ತು ನೋಡಿ ಕಟ್ಟಿದ ಮನೆಯಾದರೆ ಮಹಡಿಯ ಮೇಲೆ ನಿಂತು ದಿಕ್ಸೂಚಿಯೇ ಬೇಡ, ಕೆಳಗೆ ಯಾವ ಕೋಣೆ ಎಲ್ಲಿದೆ ಎಂದು ನೆನೆಸಿಕೊಂಡರೆ ಸಾಕು. ನಿಲ್ದಾಣದ ಕಕ್ಷೆ ಭೂಮಧ್ಯರೇಖೆಗೆ 51.6 ಡಿಗ್ರಿ ಓರೆಯಾಗಿರುವುದರಿಂದ ಕರ್ನಾಟಕದ ಮೇಲೆ ಎತ್ತರದಲ್ಲಿ ಹಾಯುವಾಗ ಎರಡೇ ದಾರಿ: ನೈಋತ್ಯದಿಂದ ಈಶಾನ್ಯಕ್ಕೆ, ಇಲ್ಲವೇ ವಾಯವ್ಯದಿಂದ ಆಗ್ನೇಯಕ್ಕೆ. ಪೂರ್ವದಿಂದ ಪಶ್ಚಿಮಕ್ಕೆ ಓಡುವ ಚುಕ್ಕಿ ಕಂಡರೆ ಅದು ಬಾಹ್ಯಾಕಾಶ ನಿಲ್ದಾಣ ಅಲ್ಲವೇ ಅಲ್ಲ.

ಕೊನೆಯ ಅಂಕಣವನ್ನು ಹೆಚ್ಚಿನವರು ಓದುವುದೇ ಇಲ್ಲ, ಗೊಂದಲವೆಲ್ಲ ಅಲ್ಲೇ. ಈಶಾನ್ಯದಲ್ಲಿ 32 ಡಿಗ್ರಿ ಮೇಲೆ ಮರೆಯಾಗುತ್ತದೆ ಅಂದರೆ ಅಲ್ಲಿಂದ ದಿಗಂತಕ್ಕೆ ಇನ್ನೂ ಮೂರು ಮುಷ್ಟಿ ಜಾಗ ಇದೆ. ಮೋಡವಿಲ್ಲ, ಮರವಿಲ್ಲ, ನಡು ಆಕಾಶದಲ್ಲೇ ಚುಕ್ಕಿ ಮಾಯವಾಗುತ್ತದೆ. ನಿಲ್ದಾಣ ಭೂಮಿಯ ನೆರಳಿನೊಳಗೆ ಕಾಲಿಟ್ಟ ಗಳಿಗೆ ಅದು. ಕಣ್ಣಿಟ್ಟು ನೋಡಿ: ಬೆಳ್ಳಗೆ ಹೊಳೆಯುತ್ತಿದ್ದದ್ದು ಮೊದಲು ಹಳದಿಗೆ ತಿರುಗುತ್ತದೆ, ಆಮೇಲೆ ತಾಮ್ರದ ಬಣ್ಣ, ಕೆಲವೇ ಸೆಕೆಂಡುಗಳಲ್ಲಿ ಆರಿದ ಕೆಂಡದ ಹಾಗೆ ಮಂಕಾಗಿ ಇಲ್ಲವಾಗುತ್ತದೆ. ಅಲ್ಲಿರುವವರ ಪಾಲಿಗೆ ಅದೇ ಸೂರ್ಯಾಸ್ತ. ದಿನಕ್ಕೆ ಹದಿನೈದು ಹದಿನಾರು ಸಲ ಅವರಿಗೆ ಸಂಜೆಯಾಗುತ್ತದೆ, ಅದರಲ್ಲೊಂದನ್ನು ನಾವು ಕೆಳಗಿಂದ ನೋಡಿದ ಹಾಗಾಯಿತು. ಇಡೀ ನೋಟದಲ್ಲಿ ಅತ್ಯಂತ ಚೆಂದದ ಭಾಗ ಇದು, ಬೈನಾಕ್ಯುಲರ್ ಇದ್ದರೆ ಈ ಹತ್ತು ಸೆಕೆಂಡಿಗೆ ಇಟ್ಟುಕೊಳ್ಳಿ.

ಬೆಳಗಿನ ಹೊತ್ತು ಇದರ ತಿರುವುಮುರುವು. ಸಾಲಿನಲ್ಲಿ ‘ನೈಋತ್ಯದಲ್ಲಿ 45 ಡಿಗ್ರಿ ಮೇಲೆ ಕಾಣಿಸಿಕೊಳ್ಳುತ್ತದೆ’ ಎಂದಿದ್ದರೆ ದಿಗಂತ ನೋಡುತ್ತಾ ಕೂರಬೇಡಿ. ನೆರಳಿನಿಂದ ಹೊರಬರುವ ಜಾಗ ಅದು, ಏನೂ ಇಲ್ಲದ ಕಡೆ ಇದ್ದಕ್ಕಿದ್ದಂತೆ ಚುಕ್ಕಿ ಹೊತ್ತಿಕೊಳ್ಳುತ್ತದೆ. ದಿಗಂತವನ್ನೇ ನೋಡುತ್ತಿದ್ದವರು ತಲೆ ಎತ್ತುವಷ್ಟರಲ್ಲಿ ಅದು ಅರ್ಧ ದಾರಿ ಕಳೆದಿರುತ್ತದೆ.

ಕಾಣುವುದಾದರೂ ಏನು? ಮಿನುಗದ, ಮಿಟುಕದ, ಸದ್ದಿಲ್ಲದ ಒಂದು ಬಿಳಿ ಚುಕ್ಕಿ. ನೆತ್ತಿಯ ಹತ್ತಿರ ಬಂದಾಗ ಶುಕ್ರ ಗ್ರಹಕ್ಕೆ ಸಾಟಿಯಾಗುವ ಹೊಳಪು. ಬೀದಿದೀಪಗಳ ನಡುವೆ, ಮೆಜೆಸ್ಟಿಕ್‌ನಲ್ಲೇ ನಿಂತರೂ ಕಾಣುತ್ತದೆ. ಇದಕ್ಕೆ ಊರ ಹೊರಗೆ ಗುಡ್ಡ ಹತ್ತುವ ಅಗತ್ಯವಿಲ್ಲ. ವಿಮಾನವಾದರೆ ಕೆಂಪು ಹಸಿರು ದೀಪ ಮಿಟುಕುತ್ತದೆ. ಸರದಲ್ಲಿ ಪೋಣಿಸಿದ ಹಾಗೆ ಸಾಲಾಗಿ ಚುಕ್ಕಿಗಳು ಹೋದರೆ ಅದು ಹೊಸದಾಗಿ ಉಡಾಯಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳು. ನಿಲ್ದಾಣ ಒಂದೇ ಚುಕ್ಕಿ, ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ಹೆಚ್ಚು ವೇಗ. ನೆತ್ತಿಯ ಮೇಲೆ ಹಾಯುವ ದಿನ ನೈಋತ್ಯದಲ್ಲಿ ಮೊದಲು ಕಣ್ಣಿಗೆ ಬೀಳುವಾಗ ಅದು ಬೆಂಗಳೂರಿನಿಂದ ಸುಮಾರು 1,500 ಕಿ.ಮೀ. ದೂರದಲ್ಲಿ, ಮಾಲ್ಡೀವ್ಸ್‌ನ ಪಶ್ಚಿಮಕ್ಕೆ ಸಮುದ್ರದ ಮೇಲಿರುತ್ತದೆ. ಆರು ನಿಮಿಷ ಕಳೆಯುವಷ್ಟರಲ್ಲಿ ಒಡಿಶಾದ ಮೇಲೆ.

109 ಮೀಟರ್ ಅಗಲದ, 400 ಟನ್ ದಾಟುವ ಆ ಯಂತ್ರದೊಳಗೆ ಸಾಮಾನ್ಯವಾಗಿ ಏಳು ಜನ ಇರುತ್ತಾರೆ. 2000ದ ನವೆಂಬರ್‌ನಿಂದ ಅಲ್ಲಿ ಜನರಿಲ್ಲದ ದಿನವಿಲ್ಲ. 2025ರ ಜೂನ್ ಕೊನೆಯಿಂದ ಜುಲೈ 14ರವರೆಗೆ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿದ್ದಾಗ ಮೊಳಕೆ ಬರಿಸಿದ ಹೆಸರುಕಾಳು ಮತ್ತು ಮೆಂತ್ಯದ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದ ವಿಜ್ಞಾನಿಗಳದ್ದು. ನಮ್ಮ ಕೋಸಂಬರಿಯ ಹೆಸರುಕಾಳು ಆ ಚುಕ್ಕಿಯೊಳಗೆ ಮೊಳಕೆಯೊಡೆದಿತ್ತು ಎಂದು ಮಕ್ಕಳಿಗೆ ಹೇಳಿ ನೋಡಿ, ಮರುದಿನ ಅವರೇ ವೇಳೆ ಕೇಳುತ್ತಾರೆ.

ಆ ಜುಲೈನಲ್ಲಿ ಪತ್ರಿಕೆ, ಟಿವಿಗಳಲ್ಲಿ ನಿಲ್ದಾಣಕ್ಕೆ ಒಳ್ಳೆಯ ಪ್ರಚಾರ ಸಿಕ್ಕಿತು, ಆದರೆ ಮಳೆಗಾಲ. ಆಪ್‌ಗೆ ಮೋಡದ ಗೊಡವೆಯಿಲ್ಲ, ಇದು ಅದರ ದೊಡ್ಡ ಕೊರತೆ. ಮಂಗಳೂರಿನಲ್ಲಿ ಧಾರಾಕಾರ ಸುರಿಯುತ್ತಿದ್ದರೂ ‘ಈಗ ಹೊರಗೆ ಬಂದು ನೋಡಿ’ ಎನ್ನುತ್ತದೆ. ಹವಾಮಾನವನ್ನು ಬೇರೆಯೇ ನೋಡಿಕೊಳ್ಳಬೇಕು. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್ ಮರೆತುಬಿಡಿ. ಡಿಸೆಂಬರ್‌ನಿಂದ ಮಾರ್ಚ್ ನಡುವೆ ಸಂಜೆಯ ಆಕಾಶ ಚೆನ್ನಾಗಿರುತ್ತದೆ.

ಇನ್ನೊಂದು ತೊಂದರೆ ಕ್ಯಾಮೆರಾ ಮೂಲಕ ದಾರಿ ತೋರಿಸುವ ಆಪ್‌ನ ಸೌಲಭ್ಯ. ಫೋನನ್ನು ಆಕಾಶಕ್ಕೆ ಹಿಡಿದರೆ ನಿಲ್ದಾಣ ಹೋಗುವ ಗೆರೆ ಪರದೆಯ ಮೇಲೆ ಮೂಡುತ್ತದೆ. ನೋಡಲು ಚೆಂದ, ಆದರೆ ಅದು ನಂಬುವುದು ಫೋನಿನ ಒಳಗಿನ ದಿಕ್ಸೂಚಿಯನ್ನು. ಕವರ್‌ನಲ್ಲಿ ಮ್ಯಾಗ್ನೆಟ್ ಇದ್ದರೆ, ಕಾರಿಗೆ ಒರಗಿ ನಿಂತಿದ್ದರೆ, ಸಿಂಟೆಕ್ಸ್ ಟ್ಯಾಂಕ್ ಹೊತ್ತ ಕಬ್ಬಿಣದ ಸ್ಟ್ಯಾಂಡ್ ಪಕ್ಕದಲ್ಲಿದ್ದರೆ ಗೆರೆ ಒಂದೆರಡು ಮುಷ್ಟಿ ಆಚೀಚೆ ಸರಿದುಬಿಡುತ್ತದೆ. ಕವರ್ ತೆಗೆದು, ಕಬ್ಬಿಣದಿಂದ ನಾಲ್ಕು ಹೆಜ್ಜೆ ದೂರ ಬಂದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ 8ರ ಆಕಾರದಲ್ಲಿ ನಾಲ್ಕೈದು ಸಲ ತಿರುಗಿಸಿದರೆ ಸರಿಹೋಗುತ್ತದೆ. ನೋಟಿಫಿಕೇಶನ್ ತಡವಾಗಿ ಬರುತ್ತಿದ್ದರೆ ಫೋನಿನ ಬ್ಯಾಟರಿ ಸೇವರ್ ಆಪನ್ನು ಮಲಗಿಸಿರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಈ ಆಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದುಹಾಕಿ. ಲೊಕೇಶನ್ ಅನುಮತಿ ಕೊಡದೆ ಬಳಸಿದರೆ ಊರನ್ನು ನಾವೇ ಆರಿಸಬೇಕು. ಜಿಲ್ಲಾ ಕೇಂದ್ರ ಆರಿಸಿದರೂ ಪರವಾಗಿಲ್ಲ, 50 ಕಿ.ಮೀ. ವ್ಯತ್ಯಾಸಕ್ಕೆ ವೇಳೆ ಕೆಲವು ಸೆಕೆಂಡು ಮಾತ್ರ ಬದಲಾಗುತ್ತದೆ.

ಇದಕ್ಕೆ ಜೊತೆಯಾಗಿ ‘ಹೆವೆನ್ಸ್ ಅಬವ್’ ಜಾಲತಾಣ ಇಟ್ಟುಕೊಂಡರೆ ಪೂರ್ತಿಯಾಯಿತು. ಮುಂದಿನ ಹತ್ತು ದಿನಗಳ ಪಟ್ಟಿ, ಹೊಳಪಿನ ಅಂಕಿ, ನಕ್ಷತ್ರಗಳ ನಡುವೆ ನಿಲ್ದಾಣ ಹೋಗುವ ನಕ್ಷೆ ಎಲ್ಲ ಅದರಲ್ಲಿದೆ. ಚೀನಾದ ತಿಯಾಂಗಾಂಗ್ ನಿಲ್ದಾಣದ ವೇಳೆಯೂ ಸಿಗುತ್ತದೆ. ಹೊಳಪಿನ ಅಂಕಿ ಕಡಿಮೆಯಾದಷ್ಟೂ ಬೆಳಕು ಹೆಚ್ಚು: ಮೈನಸ್ 3.5 ಇದ್ದರೆ ಅಕ್ಕಪಕ್ಕದ ಮನೆಯವರನ್ನೂ ಕರೆಯಿರಿ, ಮೈನಸ್ 1.5 ಇದ್ದರೆ ಬಿಡುವಿದ್ದರೆ ನೋಡಿ. ಆದರೆ ಮೊದಲ ಸಲ ತೆರೆದಾಗ ಊರು ಹಾಕಿರುವುದಿಲ್ಲ. ಅಕ್ಷಾಂಶ 0, ರೇಖಾಂಶ 0 ಎಂದಿರುತ್ತದೆ, ಅಂದರೆ ಆಫ್ರಿಕಾದ ಪಕ್ಕದ ಸಮುದ್ರ. ಅದನ್ನು ಗಮನಿಸದೆ ಆ ವೇಳೆಗೆ ಕಾದರೆ ಏನೂ ಬರುವುದಿಲ್ಲ. ಊರು ಹಾಕಿ, ಕಾಲವಲಯ ಭಾರತದ್ದೇ ಇದೆಯೇ ನೋಡಿ, ಆಮೇಲೆ ಪಟ್ಟಿ ನೋಡಿ. ಅದರ ನಕ್ಷೆಯಲ್ಲಿ ಪೂರ್ವ ಎಡಕ್ಕೆ, ಪಶ್ಚಿಮ ಬಲಕ್ಕೆ ಇರುತ್ತದೆ. ತಪ್ಪು ಮುದ್ರಣವಲ್ಲ ಅದು, ತಲೆಯ ಮೇಲೆ ಎತ್ತಿ ಹಿಡಿದು ನೋಡಬೇಕಾದ ನಕ್ಷೆ. ಬಳಸಲು ಸುಲಭ ಅಂದರೆ ನಾಸಾದ ಆಪ್, ವಿವರಕ್ಕೆ ಹೆವೆನ್ಸ್ ಅಬವ್. ಮನೆಮಂದಿಗೆ ತೋರಿಸುವವರಿಗೆ ಮೊದಲನೆಯದೊಂದೇ ಸಾಕು.

ಫೋಟೊ ಬೇಕಿದ್ದರೆ ಫೋನಿನ ನೈಟ್ ಮೋಡ್ ಬಳಸಬೇಡಿ. ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವಾಗ ಓಡುವ ಚುಕ್ಕಿಯನ್ನು ಅದು ಅಳಿಸಿಬಿಡುವುದುಂಟು. ಪ್ರೊ ಮೋಡ್‌ನಲ್ಲಿ ಐಎಸ್‌ಒ 100–200, ಶಟರ್ 10 ಸೆಕೆಂಡು, ಫೋಕಸ್ ಅನಂತಕ್ಕೆ ಇಟ್ಟು, ಫೋನನ್ನು ಟ್ರೈಪಾಡ್‌ಗೋ ಮಹಡಿಯ ಗೋಡೆಗೋ ಒರಗಿಸಿ, 3 ಸೆಕೆಂಡು ಟೈಮರ್ ಹಾಕಿದರೆ ಬಿಳಿ ಗೆರೆ ಸಿಗುತ್ತದೆ. ಟೈಮರ್ ಇಲ್ಲದೆ ಬೆರಳಿನಿಂದ ಒತ್ತಿದರೆ ಗೆರೆಯ ತುದಿ ಕೊಕ್ಕೆಯಂತೆ ಬಾಗುತ್ತದೆ. ಬೆಂಗಳೂರಿನ ಆಕಾಶಕ್ಕೆ ಶಟರ್ 10 ಸೆಕೆಂಡಿಗಿಂತ ಹೆಚ್ಚಿಸಿದರೆ ಚಿತ್ರವೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

“ನಿನ್ನೆ 7:12ಕ್ಕೆ ಬಂತಲ್ಲ, ಇವತ್ತೂ ಬರುತ್ತೆ” ಎಂದುಕೊಳ್ಳಬೇಡಿ. ನಿಲ್ದಾಣ ಒಂದು ಸುತ್ತಿಗೆ ಸುಮಾರು 93 ನಿಮಿಷ ತೆಗೆದುಕೊಳ್ಳುತ್ತದೆ, 15 ಸುತ್ತು ಮುಗಿಯುವಾಗ ಒಂದು ದಿನಕ್ಕೆ ಮುಕ್ಕಾಲು ಗಂಟೆ ಕಡಿಮೆ. ಹಾಗಾಗಿ ಮರುದಿನ ಬರುವುದು ಸುಮಾರು 6:25ಕ್ಕೆ, ಆಗ ಇನ್ನೂ ಬೆಳಕಿರುತ್ತದೆ. ಹೀಗೆ ಕೆಲವು ದಿನ ಸಂಜೆಯ ಸರದಿ, ಆಮೇಲೆ ಪಟ್ಟಿ ಖಾಲಿ, ಆಮೇಲೆ ಬೆಳಗಿನ ಸರದಿ. ಪಟ್ಟಿ ಖಾಲಿ ಇದ್ದರೆ ಆಪ್ ಕೆಟ್ಟಿದೆ ಎಂದು ಅಳಿಸಿಹಾಕಬೇಡಿ. ಹತ್ತು ದಿನ ಮುಂಚೆ ಬರೆದಿಟ್ಟ ವೇಳೆಯನ್ನೂ ನೆಚ್ಚಬೇಡಿ. ತೆಳುವಾದ ಗಾಳಿಯ ತಡೆಗೆ ನಿಲ್ದಾಣ ನಿಧಾನವಾಗಿ ಕೆಳಗಿಳಿಯುತ್ತಾ ಇರುತ್ತದೆ, ಆಗಾಗ ಎಂಜಿನ್ ಉರಿಸಿ ಮೇಲಕ್ಕೆ ತಳ್ಳುತ್ತಾರೆ. ಹಾಗೆ ತಳ್ಳಿದ ಮೇಲೆ ಹಳೆಯ ವೇಳೆ ನಿಮಿಷಗಟ್ಟಲೆ ತಪ್ಪುತ್ತದೆ. ಅದೇ ದಿನ ಮಧ್ಯಾಹ್ನ ಆಪ್ ತೆರೆದು ಇನ್ನೊಮ್ಮೆ ನೋಡಿ, ಹೇಳಿದ ಹೊತ್ತಿಗಿಂತ ಐದು ನಿಮಿಷ ಮುಂಚೆ ಮಹಡಿ ಹತ್ತಿ, ಮಹಡಿಯ ಲೈಟ್ ಆರಿಸಿ.