ಹೊಸಬರಿಗೆಂದು ಮಾರುವ ‘ಬೇಟೆಯ ಕ್ರಾಸ್‌ಬೋ’: ಹಣ ಕಳಿಸುವ ಮುನ್ನ ಓದಿ

ಮೊಬೈಲಿನಲ್ಲಿ ಜಾಹೀರಾತು ನೋಡಿ ಮೊದಲ ಕ್ರಾಸ್‌ಬೋ (ಬಂದೂಕಿನಂತೆ ಹಿಡಿದು ಟ್ರಿಗರ್ ಒತ್ತಿ ಬಾಣ ಬಿಡುವ ಅಡ್ಡಬಿಲ್ಲು) ಕೊಳ್ಳಲು ಹೊರಟಿರುವವರು, ಅದರಲ್ಲೂ ಕಬ್ಬಿನ ಗದ್ದೆಗೆ ನುಗ್ಗುವ ಹಂದಿಯನ್ನು ಹೊಡೆಯಲು ಅದು ಬೇಕೆಂದುಕೊಂಡಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಖಾನಾಪುರ ತಾಲ್ಲೂಕಿನಲ್ಲಿರುವ ನನ್ನ ಅಕ್ಕನ ಮಗ ಹೀಗೆ ಕೊಂಡ ಕ್ರಾಸ್‌ಬೋ ವಾರದೊಳಗೆ ಅವನ ಮುಖದ ಮುಂದೆಯೇ ಸಿಡಿಯಿತು. ಫೈಬರ್‌ಗ್ಲಾಸಿನ ಸಿಬಿರುಗಳು ಮುಂಗೈಯೊಳಗೆ ಹೊಕ್ಕವು, ಒಂದು ಕೆನ್ನೆಯನ್ನು ಗೀರಿಕೊಂಡು ಹೋಯಿತು. ಬೈಕ್ ಓಡಿಸುವಾಗ ಹಾಕಿಕೊಂಡ ಕನ್ನಡಕವನ್ನು ಅವನು ತೆಗೆದಿರಲಿಲ್ಲ, ಆದ್ದರಿಂದ ಕಣ್ಣು ಉಳಿಯಿತು. ನಾನು ಬೆಳಗಾವಿಯಲ್ಲಿ ಹವ್ಯಾಸಕ್ಕಾಗಿ ಬಿಲ್ಲುಗಾರಿಕೆ ಕಲಿತವನಾದ್ದರಿಂದ ಮನೆಯವರು ನನಗೆ ಫೋನ್ ಮಾಡಿದರು. “ಮಾಮಾ, ಬಾಣ ಹೋಗೇ ಇಲ್ಲ, ಬಿಲ್ಲ ಒಡದೈತಿ” ಎಂದು ಅವನು ಹೇಳಿದ ಒಂದೇ ಮಾತಿನಲ್ಲಿ ನಡೆದದ್ದೆಲ್ಲ ಇತ್ತು. ಉಳಿದದ್ದನ್ನು ನಾನು ಮರುದಿನ ಹೋಗಿ ಆ ಪೆಟ್ಟಿಗೆಯನ್ನು ಬಿಚ್ಚಿ ನೋಡಿ ತಿಳಿದುಕೊಂಡೆ.

ಜಾಹೀರಾತಿನಲ್ಲಿ ಇದ್ದದ್ದು ಇಷ್ಟೇ: 175 ಪೌಂಡ್ ಸೆಳೆತ, ದುರ್ಬೀನು ಉಚಿತ, ಹೊಸಬರಿಗೂ ಸುಲಭ. 175 ಪೌಂಡ್ ಎಂದರೆ ಸುಮಾರು 79 ಕಿಲೋ. ಮುಂಭಾಗದ ಕಬ್ಬಿಣದ ಕುಣಿಕೆಯಲ್ಲಿ ಕಾಲಿಟ್ಟು, ಬಗ್ಗಿ, ಹೆದೆಯನ್ನು ಎರಡೂ ಕೈಗಳಿಂದ ಹಿಂದಕ್ಕೆಳೆದು ಕೊಂಡಿಗೆ ಸಿಕ್ಕಿಸುವಾಗ ಒಂದೂವರೆ ಚೀಲ ಸಿಮೆಂಟನ್ನು ಬೆರಳುಗಳಲ್ಲಿ ಎತ್ತಿದಷ್ಟು ಬಲ ಬೀಳುತ್ತದೆ. ಇದನ್ನು ಹೊಸಬರಿಗೆ ಸುಲಭ ಎಂದು ಬರೆದವರು ತಾವು ಒಮ್ಮೆಯಾದರೂ ಎಳೆದು ನೋಡಿರಲಾರರು. ಅದಕ್ಕೆಂದೇ ಇರುವ ಹಗ್ಗದ ಸಾಧನವೊಂದಿದೆ. ಎರಡು ಕೊಕ್ಕೆ, ಎರಡು ಹಿಡಿ, ಹಿಂಬದಿಯ ತೋಡಿನಲ್ಲಿ ಹಾಯಿಸಿ ಎಳೆದರೆ ಬೇಕಾಗುವ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಹೆದೆಯೂ ಎರಡು ಬದಿಗೆ ಸಮನಾಗಿ ಬರುತ್ತದೆ. ಆ ಪೆಟ್ಟಿಗೆಯಲ್ಲಿ ಅದು ಇರಲಿಲ್ಲ. ತಯಾರಕರ ಹೆಸರಿಲ್ಲ, ಯಾವ ದೇಶದಲ್ಲಿ ಆದದ್ದು ಎಂಬುದಿಲ್ಲ, ಬಿಲ್ಲಿನ ಮೇಲೆ ಕ್ರಮಸಂಖ್ಯೆಯಿಲ್ಲ. ಬಳಕೆಯ ವಿವರವೆಂದರೆ ಜೆರಾಕ್ಸ್‌ನ ಜೆರಾಕ್ಸಿನಂತೆ ಮಸುಕಾದ ಒಂದು ಹಾಳೆ. ದುರ್ಬೀನು ಮಾತ್ರ ಥಳಥಳ ಹೊಳೆಯುತ್ತಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಬಾಣಗಳು. ಕ್ರಾಸ್‌ಬೋಗೆ ಹಾಕುವ ಗಿಡ್ಡ ಬಾಣಕ್ಕೆ ಬೋಲ್ಟ್ ಎನ್ನುತ್ತಾರೆ, ಮತ್ತು ಪ್ರತಿ ಬಿಲ್ಲಿಗೂ ಇಂತಿಷ್ಟು ತೂಕಕ್ಕಿಂತ ಕಡಿಮೆಯ ಬೋಲ್ಟ್ ಹಾಕಬಾರದೆಂಬ ಮಿತಿಯಿರುತ್ತದೆ. ಒಳ್ಳೆಯ ತಯಾರಕರು ಅದನ್ನು ಪುಸ್ತಿಕೆಯಲ್ಲಿ ಗ್ರೇನ್ ಲೆಕ್ಕದಲ್ಲಿ ಬರೆದೇ ಕೊಡುತ್ತಾರೆ. ಈ ಬಲದ ಬಿಲ್ಲುಗಳಿಗೆ ಸಾಮಾನ್ಯವಾಗಿ ಮೊನೆಯೂ ಸೇರಿ 350ರಿಂದ 400 ಗ್ರೇನ್, ಅಂದರೆ 23ರಿಂದ 26 ಗ್ರಾಂ ಬೇಕಾಗುತ್ತದೆ. ಉಳಿದ ಬೋಲ್ಟ್‌ಗಳನ್ನು ನಾನು ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟು ನೋಡಿದಾಗ ಒಂದೊಂದೂ 17 ಗ್ರಾಮಿನ ಆಸುಪಾಸಿಗೆ ನಿಂತಿತು. ಬಾಣ ಹಗುರವಾದಷ್ಟೂ ಬಿಲ್ಲಿನಲ್ಲಿ ಸಂಗ್ರಹವಾದ ಶಕ್ತಿಯಲ್ಲಿ ಅದು ಹೊತ್ತೊಯ್ಯುವ ಪಾಲು ಕಡಿಮೆಯಾಗುತ್ತದೆ, ಮಿಕ್ಕಿದ್ದು ಹೆದೆಗೂ ಬಿಲ್ಲಿನ ತೋಳುಗಳಿಗೂ, ಅಂದರೆ ಎರಡು ಬದಿಯ ಬಾಗುವ ಪಟ್ಟಿಗಳಿಗೂ, ಏಟಾಗಿ ಮರಳುತ್ತದೆ. ಬಾಣವೇ ಇಲ್ಲದೆ ಟ್ರಿಗರ್ ಒತ್ತಿದರೆ ಪೂರ್ತಿ ಏಟು ಬಿಲ್ಲೇ ತಿನ್ನಬೇಕು; ಇದಕ್ಕೆ ಡ್ರೈ ಫೈರ್ ಎನ್ನುತ್ತಾರೆ, ಒಂದೇ ಸಲಕ್ಕೆ ತೋಳು ಸೀಳಲು ಅದು ಸಾಕು. ಹಗುರ ಬಾಣವನ್ನು ಮಾರುವವರು ಹಾಗೆ ಮಾರಲು ಕಾರಣವೂ ಇದೆ: ಬಾಣ ಹಗುರವಾದರೆ ವೇಗದ ಅಂಕಿ ಏರುತ್ತದೆ, ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದು ಆ ಅಂಕಿಯೇ.

ಆದರೆ ಬಿಲ್ಲು ಮುರಿದ ಆ ಹೊಡೆತಕ್ಕೆ ತೂಕವಷ್ಟೇ ಕಾರಣವಾಗಿರಲಿಲ್ಲ. ಬೋಲ್ಟಿನ ಹಿಂತುದಿಯಲ್ಲಿ ನಾಕ್ ಎಂಬ ಸಣ್ಣ ಬಿರಡೆ ಇರುತ್ತದೆ. ಕೆಲವು ಚಪ್ಪಟೆ, ಕೆಲವಕ್ಕೆ ಅರ್ಧಚಂದ್ರದಂಥ ತೋಡು, ಯಾವ ಬಿಲ್ಲಿಗೆ ಯಾವುದು ಎಂಬುದನ್ನು ತಯಾರಕರೇ ಹೇಳಬೇಕು. ಇಲ್ಲಿ ಒಂದೇ ಕಟ್ಟಿನಲ್ಲಿ ಎರಡೂ ಬೆರೆತಿದ್ದವು. ಅರ್ಧಚಂದ್ರದ ಜಾತಿಯಲ್ಲಿ ಬೇರೆ ಬಣ್ಣದ ಒಂದು ಗರಿ ಕೆಳಗೆ ಬೋಲ್ಟ್ ಕೂರುವ ಕಾಲುವೆಯೊಳಗೆ ಕೂತಾಗ ತೋಡು ಹೆದೆಗೆ ಸರಿಯಾಗಿ ಅಡ್ಡಲಾಗಿ ಬರಬೇಕು. ನಾನು ಕೈಯಲ್ಲಿ ಹಿಡಿದು ನೋಡಿದ ಒಂದರಲ್ಲಿ ತೋಡು ಓರೆಯಾಗಿ ತಿರುಗಿತ್ತು, ಅಂಟು ಹೊರಗೆ ಉಕ್ಕಿ ಹನಿಯಾಗಿ ಗಟ್ಟಿಗೊಂಡು ಉಗುರಿಗೆ ತಾಕುತ್ತಿತ್ತು. ಹಾಗಿದ್ದರೆ ಹೆದೆ ತೋಡಿನೊಳಗೆ ಕೂರದೆ ಅದರ ಅಂಚಿನ ಮೇಲೆ ನಿಲ್ಲುತ್ತದೆ, ಬಿಟ್ಟ ಕ್ಷಣ ಜಾರಿ ಬಾಣದ ಮೇಲಿನಿಂದ ಹಾರಿಹೋಗುತ್ತದೆ. ಹುಡುಗ ಹೊಡೆದ ಬೋಲ್ಟ್ ಗುರಿಯ ಕಡೆಗೆ ಹೋಗದೆ ಅವನ ಕಾಲ ಬಳಿಯೇ ಬಿದ್ದಿತ್ತು, ಅದರ ಬೆನ್ನಿನ ಮೇಲೆ ಹೆದೆ ಉಜ್ಜಿದ ಬಿಳಿಯ ಗೀರಿತ್ತು. ಬಾಣ ಹೂಡಿದ್ದರೂ ಬಿಲ್ಲಿನ ಪಾಲಿಗೆ ಅದು ಡ್ರೈ ಫೈರೇ ಆಯಿತು; ಬಿಲ್ಲಿನ ಎಡತೋಳು ಬುಡದಿಂದ ತುದಿಯವರೆಗೆ ಉದ್ದಕ್ಕೆ ಸೀಳಿಕೊಂಡಿತು.

ಕೊಳ್ಳುವವರು ಯೋಚಿಸದೆ ಬಿಡುವ ಇನ್ನೊಂದು ಸಂಗತಿಯಿದೆ. ಎಳೆದು ಸಿಕ್ಕಿಸಿದ ಹೆದೆಯನ್ನು ಮತ್ತೆ ಇಳಿಸುವುದು ಹೇಗೆ? ತಿರುಗಣಿಯುಳ್ಳ ದುಬಾರಿ ಮಾದರಿಗಳಲ್ಲಿ ಕೆಲವನ್ನು ಬಿಟ್ಟರೆ ಸಾಮಾನ್ಯ ಕ್ರಾಸ್‌ಬೋಗಳಲ್ಲಿ ಇರುವುದು ಒಂದೇ ದಾರಿ, ಅದು ಮೆತ್ತನೆಯ ಗುರಿಗೋ ಮಣ್ಣಿಗೋ ತಕ್ಕ ತೂಕದ ಬೋಲ್ಟನ್ನು ಹೊಡೆದು ಖಾಲಿ ಮಾಡುವುದು. ಈ ಹುಡುಗ ಒಂದು ಮಧ್ಯಾಹ್ನ ಹೆದೆ ಎಳೆದ ಬಿಲ್ಲನ್ನು ಹಾಗೆಯೇ ಅಂಗಳದ ಹೊರಸಿನ ಮೇಲಿಟ್ಟು ಊಟಕ್ಕೆ ಹೋಗಿದ್ದನೆಂದು ಅಕ್ಕ ಹೇಳಿದಾಗ ನನಗೆ ಮುರಿದ ತೋಳಿಗಿಂತ ಅದೇ ಹೆಚ್ಚು ಭಯ ಹುಟ್ಟಿಸಿತು, ಏಕೆಂದರೆ ಆ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಮುಂದಿನ ಕೈಯಿಂದ ಹಿಡಿಯುವ ಜಾಗದಲ್ಲಿ ಹೆಬ್ಬೆರಳು ಮೇಲೇಳದಂತೆ ತಡೆಯುವ ಅಂಚು ಕೂಡ ಈ ಬಿಲ್ಲಿಗೆ ಇರಲಿಲ್ಲ. ಹೆದೆ ಹಾಯುವ ದಾರಿಗೆ ಹೆಬ್ಬೆರಳು ಅಡ್ಡ ಬಂದರೆ ಮೂಳೆ ಉಳಿಯುವುದಿಲ್ಲ.

ಹಾಗಾದರೆ ಹೊಸಬರು ನೋಡಬೇಕಾದ್ದು ಏನು ಎಂದು ಕೇಳಿದರೆ, ನನ್ನ ಅಭಿಪ್ರಾಯದಲ್ಲಿ ಸೆಳೆತದ ಅಂಕಿಯನ್ನು ಕೊನೆಗೆ ನೋಡಬೇಕು. ಬಾಣವಿಲ್ಲದೆ ಟ್ರಿಗರ್ ಬಿಡದಂತೆ ತಡೆಯುವ ವ್ಯವಸ್ಥೆ ಇದೆಯೇ, ಹೆದೆ ಸಿಕ್ಕಿಸಿದ ಕೂಡಲೇ ಟ್ರಿಗರನ್ನು ತಡೆಯುವ ಸೇಫ್ಟಿ ತಾನಾಗಿ ಹಾಕಿಕೊಳ್ಳುತ್ತದೆಯೇ, ಕನಿಷ್ಠ ತೂಕವೂ ನಾಕಿನ ಬಗೆಯೂ ಬರಹದಲ್ಲಿ ಇವೆಯೇ, ಹೆದೆ ಸವೆದರೆ ಇನ್ನೊಂದು ಎಲ್ಲಿ ಸಿಗುತ್ತದೆ, ಇವು ಮೊದಲು. ಗಾಲಿಗಳಿರುವ ಕಾಂಪೌಂಡ್ ಜಾತಿ ನೋಡಲು ಚೆಂದ, ಆದರೆ ಅದರ ಹೆದೆ ಬದಲಿಸಲು ಸಾಮಾನ್ಯವಾಗಿ ಪ್ರೆಸ್ ಎಂಬ ಯಂತ್ರ ಬೇಕು, ಮತ್ತು ನಮ್ಮ ಕಡೆ ಅದನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಗಾಲಿಗಳಿಲ್ಲದ ರಿಕರ್ವ್ ಜಾತಿಯದನ್ನು ಹೆದೆ ಏರಿಸುವ ಸರಿಯಾದ ಹಗ್ಗವಿದ್ದರೆ ಮನೆಯಲ್ಲೇ ಬದಲಿಸಬಹುದು. ಗುರಿ ಹೊಡೆಯುವ ಖುಷಿಯಷ್ಟೇ ಬೇಕೆಂದರೆ ಕ್ರಾಸ್‌ಬೋಗಿಂತ ತರಬೇತುದಾರರ ಕೈಕೆಳಗೆ ಕಡಿಮೆ ಬಲದ ಸಾದಾ ಬಿಲ್ಲಿನಿಂದ ಶುರುಮಾಡುವುದು ಒಳ್ಳೆಯದೆಂದು ನಾನಂತೂ ಹೇಳುತ್ತೇನೆ. ಕೇಳಿದವರು ಕಡಿಮೆ, ಅದು ಬೇರೆ ಮಾತು.

ಇನ್ನು ಬೇಟೆಯ ವಿಚಾರ. ಅಮೆರಿಕದ ಹಲವು ರಾಜ್ಯಗಳಲ್ಲಿ ಪರವಾನಗಿ ಪಡೆದು, ಋತುವಿನಲ್ಲಿ, ಜಿಂಕೆಯನ್ನು ಕ್ರಾಸ್‌ಬೋದಿಂದ ಹೊಡೆಯಲು ಅವಕಾಶವಿದೆ, ಮತ್ತು ಈ ಜಾಹೀರಾತುಗಳ ಚಿತ್ರವೂ ಮಾತೂ ಅಲ್ಲಿಂದಲೇ ಎತ್ತಿದ್ದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸಿದೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಕೊಲ್ಲುವುದಷ್ಟೇ ಅಲ್ಲ, ಕೊಲ್ಲುವ ಪ್ರಯತ್ನವೂ ಬೇಟೆಯೇ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ, ಅಪರಾಧಕ್ಕೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಬಳಸಿದ ಆಯುಧವನ್ನೂ ವಾಹನವನ್ನೂ ಜಪ್ತಿ ಮಾಡುತ್ತಾರೆ. ಬೆಳೆ ತಿನ್ನುವ ಹಂದಿಯ ವಿಷಯದಲ್ಲಿ 11ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರು ಅಧಿಕಾರ ಕೊಟ್ಟವರೋ ಲಿಖಿತ ಆದೇಶ ಕೊಡಬಹುದು, ಆದರೆ ಅಂಥ ಆದೇಶವಿಲ್ಲದೆ ರೈತ ತನ್ನ ಹೊಲದಲ್ಲೇ ಹೊಡೆದರೂ ಅಪರಾಧವೇ. ಸುದ್ದಿ ತಿಳಿದು ಬಂದ ಅರಣ್ಯ ರಕ್ಷಕರೊಬ್ಬರು ಮುರಿದ ಬಿಲ್ಲನ್ನು ತಿರುಗಿಸಿ ನೋಡಿ, “ಇದನ್ನ ಹಿಡಕೊಂಡು ರಾತ್ರಿ ಹೊಲಕ್ಕ ಹ್ವಾದ್ರ ನಾವು ಕೇಸ್ ಹಾಕಬೇಕಾಗತೈತ್ರಿ, ಬೆಳೆ ಹೋಗಿದ್ರ ಪರಿಹಾರಕ್ಕ ಅರ್ಜಿ ಕೊಡ್ರಿ” ಎಂದು ಭಾವನವರಿಗೆ ಸಮಾಧಾನದಿಂದಲೇ ಹೇಳಿಹೋದರು. ಈ ಮಾತನ್ನು ಮಾರಿದವರು ಒಂದು ಸಾಲಿನಲ್ಲಾದರೂ ಹೇಳಿದ್ದರೆ ಅರ್ಧದಷ್ಟು ಗಿರಾಕಿಗಳು ಹಿಂದೆ ಸರಿಯುತ್ತಿದ್ದರು.

ಕಾನೂನನ್ನು ಬದಿಗಿಟ್ಟರೂ ಕಬ್ಬಿನ ಗದ್ದೆ ಬಾಣ ಬಿಡುವ ಜಾಗವಲ್ಲ. ಗುರಿ ತಪ್ಪಿದ ಬೋಲ್ಟ್ ಓರೆಯಾಗಿ ಮೇಲೆದ್ದರೆ 300 ಮೀಟರ್ ದಾಟಿ ಬೀಳಬಲ್ಲದು, ಮತ್ತು ಹಂಗಾಮಿನಲ್ಲಿ ಗದ್ದೆಯಂಚಿನ ಗುಡಿಸಲುಗಳಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು ಮಕ್ಕಳುಮರಿಯೊಂದಿಗೆ ಇರುತ್ತಾರೆ. ಗಾಯಗೊಂಡ ಹಂದಿ ಕಬ್ಬಿನೊಳಗೆ ಹೊಕ್ಕು ಕೂತರೆ ಬೆಳಿಗ್ಗೆ ನೀರು ಹಾಯಿಸಲು ಹೋದವರ ಮೇಲೆ ಅದು ಎರಗುತ್ತದೆ.

ಹಣದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಬಳಸಿದ ವಸ್ತುವನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಮಾರಾಟಗಾರರು ಮೊದಲು ಬರೆದರು, ಬಳಿಕ ಉತ್ತರಿಸುವುದನ್ನೇ ನಿಲ್ಲಿಸಿದರು. ಇ-ವಾಣಿಜ್ಯಕ್ಕೆ ಸಂಬಂಧಿಸಿದ 2020ರ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಮಾರಾಟದ ವೇದಿಕೆಯವರು ಕುಂದುಕೊರತೆ ಅಧಿಕಾರಿಯ ಹೆಸರನ್ನು ಪ್ರಕಟಿಸಿ, ದೂರು ತಲುಪಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ನಾವು ಬೆಳಗಾವಿಯಲ್ಲೇ ಸಲ್ಲಿಸಲು ಕಾಗದ ಸಿದ್ಧಪಡಿಸಿದ್ದೇವೆ. ಪೆಟ್ಟಿಗೆಯ ಚೀಟಿ, ಹಣ ಪಾವತಿಯ ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್, ಮುರಿದ ತುಂಡುಗಳ ಫೋಟೋ, ಇವನ್ನು ಯಾರೂ ಎಸೆಯಬಾರದು. ಆ ಜಾಹೀರಾತು ಈಗ ಹುಡುಕಿದರೆ ಸಿಗುವುದಿಲ್ಲ, ಹುಡುಗನ ಬಳಿ ಚಿತ್ರವಿದ್ದದ್ದು ಉಪಯೋಗಕ್ಕೆ ಬಂತು.

ಈ ನಡುವೆ ಊರಿನ ಇಬ್ಬರು ಆ ಮುರಿದ ಬಿಲ್ಲನ್ನೇ ಅರ್ಧ ಬೆಲೆಗೆ ಕೇಳಿದ್ದಾರೆ, ತೋಳಿಗೆ ಎಂ-ಸೀಲ್ ತುಂಬಿ ತಂತಿ ಬಿಗಿದರೆ ನಡೆಯುತ್ತದೆಂಬುದು ಅವರ ಲೆಕ್ಕ. ಸೀಳಿದ ತೋಳಿಗೆ ಅಂಟು ಹಿಡಿಯುವುದಿಲ್ಲ, ಪಕ್ಕದ ತೋಳಿನಲ್ಲೂ ಕಣ್ಣಿಗೆ ಕಾಣದ ಬಿರುಕಿರಬಹುದು. ಇಂಥ ಸೆಕೆಂಡ್ ಹ್ಯಾಂಡ್ ಬಿಲ್ಲನ್ನು ಯಾರಾದರೂ ನಿಮಗೆ ಕೊಡಲು ಬಂದರೆ ತೋಳಿನ ಉದ್ದಕ್ಕೂ ಹತ್ತಿಯನ್ನು ಸವರಿ ನೋಡಿ. ಎಳೆ ಎಲ್ಲಿಯಾದರೂ ಸಿಕ್ಕಿಕೊಂಡರೆ ಅದನ್ನು ಪುಕ್ಕಟೆಯಾಗಿಯೂ ತೆಗೆದುಕೊಳ್ಳಬೇಡಿ.